ನೋಟ್ಸ್ ಕಳಿಸುವ ಮುನ್ನ ಪ್ರಶ್ನೆ ಕೇಳಿ

ಮಾನಸಗಂಗೋತ್ರಿಯಿರಲಿ, ಮಂಡ್ಯದ ಕಾಲೇಜಿರಲಿ, ತರಗತಿಗೊಂದು ವಾಟ್ಸಾಪ್ ಗ್ರೂಪ್ ಈಗ ಮಾಮೂಲು. ಅಲ್ಲಿಗೆ ಬಂದು ಬೀಳುವುದು ಪಿಡಿಎಫ್, ಸುತ್ತೋಲೆ, ಹಬ್ಬದ ಶುಭಾಶಯ. ಪಿಡಿಎಫ್ ಇಳಿಸಿಕೊಂಡ ಮಾತ್ರಕ್ಕೆ ಓದಿದಂತಾಯಿತೇ? ಅಧ್ಯಾಪಕರು ಮೊಬೈಲನ್ನು ಪಾಠಕ್ಕೆ ಹಚ್ಚುವುದಾದರೆ ಮೊದಲು ಪ್ರಶ್ನೆ ಕೇಳುವುದಕ್ಕೆ ಹಚ್ಚಬೇಕು.

ಇದಕ್ಕೆ ಪ್ರಯೋಗದ ಆಧಾರವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಗದ್ಯಭಾಗವೊಂದನ್ನು ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ಪುಟ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ. 42, ನೆನಪಿನಿಂದ ಬರೆದವರಿಗೆ ಶೇ. 56.

ಗ್ರೂಪಿನಲ್ಲಿ ಇಂಥ ಪ್ರಶ್ನೆ ಕೇಳಲು ಪೋಲ್ ಇದೆ, ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಒತ್ತಿದರಾಯಿತು. ಆದರೆ ವಾಟ್ಸಾಪ್ ಪೋಲ್‌ನಲ್ಲಿ ಒಂದು ತೊಡಕಿದೆ: ಯಾರು ಯಾವುದಕ್ಕೆ ಒತ್ತಿದರೆಂಬುದು ಎಲ್ಲರಿಗೂ ಕಾಣುತ್ತದೆ. ಚೆನ್ನಾಗಿ ಓದುವ ಹುಡುಗಿ ಒತ್ತಿದ ಕಡೆಗೇ ಉಳಿದವರೂ ಒತ್ತುತ್ತಾರೆ. ಟೆಲಿಗ್ರಾಂನ ಕ್ವಿಜ್ ಇದಕ್ಕೆ ವಾಸಿ. ಅಟ್ಯಾಚ್ ಗುರುತು ಒತ್ತಿ, ಪೋಲ್ ಆರಿಸಿ, ಕ್ವಿಜ್ ಮೋಡ್ ಹಾಕಿ, ಸರಿಯುತ್ತರ ಗುರುತಿಸಿದರೆ ಮುಗಿಯಿತು. ಉತ್ತರ ಕೊಡುವ ತನಕ ಫಲಿತಾಂಶ ಕಾಣದು, ಕೊಟ್ಟ ಮೇಲೆ ಬದಲಿಸಲೂ ಆಗದು.

ಕಷ್ಟವಿರುವುದು ತಪ್ಪು ಆಯ್ಕೆಗಳನ್ನು ಬರೆಯುವುದರಲ್ಲಿ. ಮಂಡ್ಯದ ಜೀವರಸಾಯನ ತರಗತಿಗೆ ಇಂಥದೊಂದು ಪ್ರಶ್ನೆ ಒಗ್ಗುತ್ತದೆ: ಕಡಿದ ಕಬ್ಬು ಅರೆಯದೆ ದಿನಗಟ್ಟಲೆ ಬಿದ್ದಿದ್ದರೆ ಸಕ್ಕರೆ ಇಳುವರಿ ಏಕೆ ಕುಸಿಯುತ್ತದೆ? 'ನೀರು ಆರುತ್ತದೆ' ಎಂಬುದು ಒಳ್ಳೆಯ ತಪ್ಪು ಉತ್ತರ. ಆರಿದರೆ ತೂಕ ಇಳಿಯುವುದು ನಿಜ, ಹಾಗಾಗಿ ಹಲವರು ಅದನ್ನೇ ಒತ್ತುತ್ತಾರೆ. ಸರಿಯುತ್ತರ, ಸುಕ್ರೋಸನ್ನು (ಕಬ್ಬಿನ ಸಕ್ಕರೆಯನ್ನು) ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವ ಇನ್ವರ್ಟೇಸ್ ಕಿಣ್ವ. ಅದರ ಮಾತನ್ನು, ಉತ್ತರ ಕೊಟ್ಟ ಮೇಲೆ ಕಾಣುವ ವಿವರಣೆಯಲ್ಲಿ ಸೇರಿಸಿ. ವಿವರಣೆಗೆ 200 ಅಕ್ಷರಗಳ ಮಿತಿಯಿದೆ. ಕನ್ನಡಕ್ಕೆ ಅದು ಇನ್ನೂ ಇಕ್ಕಟ್ಟು: 'ಸ್ತ್ರೀ' ನಮಗೆ ಒಂದೇ ಅಕ್ಷರ, ಕಂಪ್ಯೂಟರು, ಫೋನುಗಳು ಬಳಸುವ ಯೂನಿಕೋಡ್ ಲಿಪಿಸಂಕೇತದ ಲೆಕ್ಕದಲ್ಲಿ ಆರು. ಎಲ್ಲ ಆಯ್ಕೆಗಳೂ ಹೆಚ್ಚುಕಡಿಮೆ ಒಂದೇ ಉದ್ದವಿರಲಿ, ಇಲ್ಲವಾದರೆ ಉದ್ದದ್ದೇ ಸರಿಯೆಂದು ಊಹಿಸಿಬಿಡುತ್ತಾರೆ. ಪಾಠದ ದಿನವೇ ಒಂದು ಪ್ರಶ್ನೆ, ಎರಡು ದಿನ ಬಿಟ್ಟು ಒಂದು, ವಾರದ ನಂತರ ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಇನ್ನೊಂದು. ರಾತ್ರಿ ಹತ್ತರ ಮೇಲೆ ಬೇಡ. ಈ ಉತ್ತರಗಳಿಗೆ ಅಂಕ ಕೊಡಲೇಬಾರದು. ಅಂಕ ಬಂತೆಂದರೆ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತುತ್ತದೆ.

ವಿವರಿಸಲೇಬೇಕಾದ ಕಡೆ ವಿಡಿಯೊಗಿಂತ ಧ್ವನಿ ಸಂದೇಶ ಹಗುರ. ಸೆಕೆಂಡಿಗೆ 16 ಕಿಲೋಬಿಟ್ ದರದಲ್ಲಿ ಐದು ನಿಮಿಷದ ಮಾತು ಸುಮಾರು 600 ಕಿಲೋಬೈಟ್ ಆಗುತ್ತದೆ ಅಷ್ಟೆ. ಮೈಸೂರು–ಮಂಡ್ಯ ರೈಲಿನಲ್ಲಿ ಸಿಗ್ನಲ್ ಬಂದುಹೋಗಿ ಮಾಡಿದರೂ ಇಳಿಯುತ್ತದೆ. ಬೋರ್ಡಿನ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುವುದರಿಂದ ಸಮೀಕರಣದ ಅಡಿಬರಹಗಳು ಕಲಸಿಹೋಗುತ್ತವೆ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ನೋಟ್ಸ್‌ನ ವರ್ಡ್ ಫೈಲು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಯೂನಿಕೋಡ್‌ಗೆ ಬದಲಿಸಿ ಕಳಿಸಬೇಕು.

ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಅದೇ ಪ್ರಶ್ನೆಯನ್ನು ಮರುದಿನ ಬೋರ್ಡಿನ ಮೇಲೂ ಬರೆಯಿರಿ.