ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

ಕಾಲರಾ ಬಂದವರು ಸಾಯುವುದು ಮೈಯಲ್ಲಿ ನೀರು ಆರಿಹೋಗಿ. ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹರಿದುಹೋಗುತ್ತದೆ. ಸುಮ್ನೆ ನೀರು ಕುಡಿಸಿದರೆ ಅದೂ ಬಹುಪಾಲು ಹೊರಗೇ ಹೋಗುತ್ತದೆ. ಆದರೆ ನೀರಿಗೆ ಉಪ್ಪು, ಸಕ್ಕರೆ ಎರಡನ್ನೂ ಬೆರೆಸಿ ಕೊಟ್ಟರೆ ಕರುಳು ಅವೆರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ. ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಈ ಒಂದು ಬಾಗಿಲನ್ನು ಮುಚ್ಚುವುದಿಲ್ಲ.

1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದ ವೈದ್ಯರು ಇದನ್ನು ರೋಗಿಗಳಲ್ಲೇ ತೋರಿಸಿಕೊಟ್ಟರು. 1971ರ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಈ ದ್ರಾವಣ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಷ್ಟಾದ ಮೇಲೆ ಕೆಲಸ ಮುಗಿಯಿತು ಅನ್ನಿಸುತ್ತದೆ ಅಲ್ವಾ? ನನ್ನ ಪ್ರಕಾರ ಕಷ್ಟದ ಭಾಗ ಶುರುವಾದದ್ದೇ ಇಲ್ಲಿಂದ. ಆಗಿನ ಬಾಂಗ್ಲಾದೇಶದಲ್ಲಿ ಔಷಧಿಯ ಪೊಟ್ಟಣವನ್ನು ಹಳ್ಳಿಹಳ್ಳಿಗೆ ಮುಟ್ಟಿಸುವುದು ಆಗದ ಮಾತು. ಮಗುವಿಗೆ ರಾತ್ರಿ ಭೇದಿ ಹತ್ತಿದರೆ ತಾಯಿಯ ಕೈಯಲ್ಲಿ ಇರುವುದು ಅಡುಗೆಮನೆ ಮಾತ್ರ.

1980ರಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ ಆ ಅಡುಗೆಮನೆಗೇ ಹೋಯಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ತಾಯಂದಿರ ಕೈಯಲ್ಲೇ ಇದನ್ನು ಮಾಡಿಸಿ ಕಲಿಸಿದರು. ಉಪ್ಪು ಜಾಸ್ತಿಯಾದರೆ ಮಗುವಿನ ಜೀವಕ್ಕೇ ಅಪಾಯ. ಅದಕ್ಕೇ ಬಾಯಿಮಾತಿನ ಪಾಠ ಸಾಲದು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋದೆ ಎಂದು ಯಾರೂ ಕೇಳಲಿಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಅದೇ ಹಳ್ಳಿಗೆ ಬಂದು ಕೆಲವು ಮನೆಗಳನ್ನು ಆರಿಸಿಕೊಳ್ಳುತ್ತಿದ್ದರು. ತಾಯಿಗೆ ಏನೇನು ನೆನಪಿದೆ ಎಂದು ಪರೀಕ್ಷೆ ಮಾಡುತ್ತಿದ್ದರು. ಆಕೆಗೆ ಎಷ್ಟು ನೆನಪಿದೆಯೋ, ಕಲಿಸಿದವಳಿಗೆ ಅಷ್ಟು ದುಡ್ಡು. ನಮ್ಮ ಶಾಲೆಗಳಲ್ಲಿ ಇದನ್ನು ಜಾರಿಗೆ ತಂದರೆ ಏನಾದೀತು ಎಂಬ ಯೋಚನೆ ಬೇಡ ಬಿಡಿ!

ಪರೀಕ್ಷೆಯಲ್ಲಿ ತಾಯಂದಿರು ಚೆನ್ನಾಗಿಯೇ ಪಾಸಾದರು. ಆದರೆ ಮಕ್ಕಳಿಗೆ ಭೇದಿಯಾದಾಗ ಅದನ್ನು ಮಾಡಿ ಕುಡಿಸಿದವರು ಮಾತ್ರ ತೀರಾ ಕಡಿಮೆ. ಯಾಕೆ ಎಂದು ಸಂಸ್ಥೆ ಹುಡುಕಿತು. ಕಲಿಸುವವರಿಗೇ ಬೆಲ್ಲದ ನೀರಿನ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಹೊಟ್ಟೆ ಕೆಟ್ಟರೆ ಅವರು ಮಾತ್ರೆ ನುಂಗುತ್ತಿದ್ದರು! ಇನ್ನು, ಮನೆಯಲ್ಲಿ ಮದ್ದಿನ ಮಾತು ನಡೆಯುತ್ತಿದ್ದದ್ದು ಗಂಡಸರದು. ಅವರಿಗೆ ಯಾರೂ ಏನೂ ಹೇಳಿರಲೇ ಇಲ್ಲ.

ಆಮೇಲೆ ಕಾರ್ಯಕರ್ತೆಯರಿಗೆ ಕರುಳಿನ ವಿಜ್ಞಾನವನ್ನೇ ಬಿಡಿಸಿ ಹೇಳಲಾಯಿತು. ತಾಯಂದಿರ ಮುಂದೆ ಮೊದಲ ಗುಟುಕನ್ನು ಅವರೇ ಕುಡಿದು ತೋರಿಸತೊಡಗಿದರು. ಗಂಡಸರನ್ನೂ ಕೂರಿಸಿ ಮಾತಾಡಿದ್ದಾಯಿತು. 1990ರ ಹೊತ್ತಿಗೆ 1.2 ಕೋಟಿಗೂ ಹೆಚ್ಚು ಮನೆಗಳನ್ನು ಸುತ್ತಿ ಬಂದಿದ್ದರು.