‘ಗ್ಯಾಸ್ ಇರಬೇಕು ಬಿಡು’: ಎದೆನೋವಿನ ಹಿಂದಿರುವ ಉದ್ದನೆಯ ಕಥೆ

ದಾವಣಗೆರೆಯಲ್ಲಿ ‘ಜಯದೇವ’ ಅಂದರೆ ಎರಡು ಅರ್ಥ. ಒಂದು, ಊರಿನ ಜಯದೇವ ಸರ್ಕಲ್. ಧರಣಿ ಇರಲಿ, ಮೆರವಣಿಗೆ ಇರಲಿ, ಜನ ಸೇರುವುದು ಅಲ್ಲೇ. ಇನ್ನೊಂದು, ಬೆಂಗಳೂರಿನ ಹೃದಯದ ಆಸ್ಪತ್ರೆ. ‘ಅವರನ್ನ ಜಯದೇವಕ್ಕೆ ಕರ್ಕೊಂಡು ಹೋಗ್ಯಾರಂತೆ’ ಅಂದರೆ ಸಾಕು, ಕೇಳಿದವರ ಮುಖ ಸಣ್ಣಗಾಗುತ್ತದೆ. ಎರಡೂ ಒಬ್ಬರದೇ ಹೆಸರು ಅನ್ನುವುದು ನಮ್ಮ ಊರಿನವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಚಿತ್ರದುರ್ಗದ ಮುರುಘಾಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು. ಅವರ ನೆನಪಿಗೆ ಮಠ ದೇಣಿಗೆ ಕೊಟ್ಟಿತು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಶುರುವಾದ ಹೃದ್ರೋಗ ಕೇಂದ್ರಕ್ಕೆ ಅವರ ಹೆಸರು ಬಂತು.

ಹೃದಯದ ಆಸ್ಪತ್ರೆಗೆ ಹೆಸರು ಕೊಟ್ಟ ಸೀಮೆ ನಮ್ಮದು. ಆದರೂ ಎದೆನೋವು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಇರಬೇಕು ಬಿಡು’. ಆ ಮಾತಿನಿಂದ ಕಳೆದುಹೋಗುವ ಗಂಟೆಗಳ ಬಗ್ಗೆಯೇ ನಾನು ಬರೆಯಬೇಕೆಂದಿರುವುದು. ನಮ್ಮ ಮನೆಯಲ್ಲೂ ಅವು ಕಳೆದುಹೋಗಿವೆ.

1979ರ ಚಳಿಗಾಲ. ನಮ್ಮ ದೊಡ್ಡಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು ಒಳಗೆ ಬರದೆ ಕಟ್ಟೆ ಮೇಲೆ ಕೂತುಬಿಟ್ಟರು. ಅಂಗೈಯಿಂದ ಎದೆ ಉಜ್ಜಿಕೊಳ್ಳುತ್ತಿದ್ದರು. ಅಷ್ಟು ಚಳಿಯಲ್ಲೂ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ‘ಎದೆ ಮ್ಯಾಲೆ ಚೀಲ ಇಟ್ಟಂಗ ಆಗೈತಿ’ ಅಂದರು. ಓಮಿನಕಾಳು, ಉಪ್ಪು ಜಗಿಸಿದರು. ಬೆನ್ನು ತಿಕ್ಕಿದರು. ಗೋಲಿ ಸೋಡಾ ತಂದವನು ನಾನೇ, ಆಗ ನನಗೆ ಒಂಬತ್ತು ವರ್ಷ. ಆಸ್ಪತ್ರೆಗೆ ಹೋದಾಗ ಮಧ್ಯಾಹ್ನ ಆಗಿತ್ತು.

ದೊಡ್ಡಪ್ಪನ ಎದೆಯೊಳಗೆ ಏನಾಗಿತ್ತು ಅನ್ನುವುದು ನನಗೆ ಅರ್ಥವಾಗಿದ್ದು ಪಿಯುಸಿಯಲ್ಲಿ. ಬಯಾಲಜಿ ಮೇಷ್ಟ್ರು ಮಟನ್ ಅಂಗಡಿಯಿಂದ ಒಂದು ಕುರಿಯ ಗುಂಡಿಗೆ ತಂದು ಟ್ರೇಯಲ್ಲಿಟ್ಟು ಉದ್ದಕ್ಕೆ ಸೀಳಿದರು. ಒಳಗೆ ನಾಲ್ಕು ಕೋಣೆ. ಮೇಲಿನ ಎರಡರ ಗೋಡೆ ತೆಳು. ಕೆಳಗಿನ ಬಲಗಡೆಯದು ಸ್ವಲ್ಪ ದಪ್ಪ. ಎಡಗಡೆಯ ಗೋಡೆ ಮಾತ್ರ ಅದರ ಎರಡು-ಮೂರು ಪಟ್ಟು ದಪ್ಪ, ಹೆಬ್ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಗಟ್ಟಿ. ‘ಬಲಗಡೆಯದು ಪಕ್ಕದ ಮನೆಗೆ ನೀರು ಕೊಡ್ತದೆ, ಅಂದ್ರೆ ಶ್ವಾಸಕೋಶಕ್ಕೆ. ಎಡಗಡೆಯದು ಇಡೀ ಊರಿಗೆ ಕೊಡ್ಬೇಕು’ ಅಂದರು ಮೇಷ್ಟ್ರು. ಕೋಣೆಗಳ ನಡುವೆ ತೆಳುವಾದ ಪೊರೆಯಂಥ ಬಾಗಿಲುಗಳು. ಅವೇ ಕವಾಟಗಳು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳುವ ‘ಲಬ್–ಡಬ್’ ಈ ಬಾಗಿಲುಗಳು ಮುಚ್ಚುವ ಸದ್ದು.

ಇಷ್ಟು ತಿಳಿಯಲು ಮನುಷ್ಯರಿಗೆ ಸಾವಿರಾರು ವರ್ಷ ಬೇಕಾಯಿತು. ಎರಡನೇ ಶತಮಾನದ ಗ್ಯಾಲನ್ ಎಂಬ ವೈದ್ಯ, ರಕ್ತ ಯಕೃತ್ತಿನಲ್ಲಿ ಹುಟ್ಟುತ್ತದೆ, ಮೈಯೆಲ್ಲ ಹರಡಿ ಅಲ್ಲಲ್ಲೇ ಇಂಗಿಹೋಗುತ್ತದೆ ಎಂದಿದ್ದ. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ ಎಂದೂ ಹೇಳಿದ್ದ. ಯುರೋಪಿನಲ್ಲಿ ಸುಮಾರು 1,400 ವರ್ಷ ಅದೇ ಪಾಠ ನಡೆಯಿತು. 13ನೇ ಶತಮಾನದಲ್ಲಿ ಕೈರೋದ ವೈದ್ಯ ಇಬ್ನ್ ಅಲ್-ನಫೀಸ್, ‘ನಡುಗೋಡೆ ಗಟ್ಟಿಯಾಗಿದೆ, ತೂತು ಇಲ್ಲ, ರಕ್ತ ಶ್ವಾಸಕೋಶವನ್ನು ಸುತ್ತಿಕೊಂಡೇ ಎಡಕ್ಕೆ ಬರಬೇಕು’ ಎಂದು ಬರೆದಿದ್ದರು. ಆ ಮಾತು ಜಾಸ್ತಿ ಜನಕ್ಕೆ ಮುಟ್ಟಲಿಲ್ಲ.

ಹಳೆಯ ಪಾಠವನ್ನು ಮುರಿದದ್ದು ಒಂದು ಸಾದಾ ಲೆಕ್ಕ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವಿ ಆ ಲೆಕ್ಕ ಹಾಕಿದರು. ಒಂದು ಬಡಿತಕ್ಕೆ ಹೃದಯ ಇಷ್ಟು ರಕ್ತ ತಳ್ಳಿದರೆ ಅರ್ಧ ಗಂಟೆಗೆ ಎಷ್ಟಾಯಿತು? ಇವತ್ತಿನ ಅಂಕಿಗಳಲ್ಲೇ ನೋಡೋಣ. ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್, ದಿನಕ್ಕೆ 7,000 ಲೀಟರ್. ಬೇಸಿಗೆಯಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬರುತ್ತದಲ್ಲ, ಅಂಥ ಒಂದು ಟ್ಯಾಂಕರ್ ತುಂಬ ರಕ್ತವನ್ನು ಯಕೃತ್ತು ದಿನಾ ಹೊಸದಾಗಿ ಮಾಡಬೇಕು! ಸಾಧ್ಯವೇ ಇಲ್ಲ. ಮೈಯಲ್ಲಿ ಇರುವುದೇ 5 ಲೀಟರ್. ಹಾಗಾದರೆ ಅದೇ ರಕ್ತ ಸುತ್ತುತ್ತಿರಬೇಕು. ಹೋದದ್ದು ವಾಪಸ್ ಬರುವ ದಾರಿ ಮಾತ್ರ ಹಾರ್ವಿಗೆ ಕಾಣಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೂದಲಿಗಿಂತ ಸಣ್ಣ ನಾಳಗಳನ್ನು ಕಂಡರು. ಸುತ್ತು ಪೂರ್ತಿಯಾಯಿತು.

ಹಾಗಾದರೆ ಸದಾ ರಕ್ತ ತುಂಬಿಕೊಂಡೇ ಇರುವ ಹೃದಯಕ್ಕೆ ರಕ್ತದ ಬರ ಯಾಕೆ ಬರುತ್ತದೆ? ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭದ್ರಾ ನಾಲೆ ತುಂಬಿ ಹರಿಯುತ್ತಿದ್ದರೂ ಪಕ್ಕದ ಗದ್ದೆಗೆ ನೀರು ಬರುವುದು ತೂಬಿನಿಂದ, ಕಿರುಗಾಲುವೆಯಿಂದ. ಹೃದಯವೂ ಹಾಗೇ. ಅದರ ದಪ್ಪ ಗೋಡೆ ಒಳಗಿನ ರಕ್ತವನ್ನು ಹೀರಿಕೊಳ್ಳಲಾರದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಧಮನಿಯ ಬುಡದಲ್ಲಿ ಎರಡು ಸಣ್ಣ ತೂಬುಗಳಿವೆ. ಅಲ್ಲಿಂದ ಹೊರಟ ಪರಿಧಮನಿಗಳು ಹೃದಯದ ಹೊರಮೈ ಮೇಲೆ ಹರಡಿಕೊಂಡು ಗೋಡೆಗೆ ರಕ್ತ ಕೊಡುತ್ತವೆ. ನಡುವೆ ಎಲ್ಲಾದರೂ ಕಟ್ಟಿಕೊಂಡರೆ ಅಲ್ಲಿಂದ ಮುಂದಿನದೆಲ್ಲ ಒಣಗುತ್ತದೆ. ಕೊನೆ ಭಾಗದ ರೈತರ ಗೋಳು ನಮಗೆ ಹೊಸದಲ್ಲ, ಅಲ್ವಾ?

ಕಟ್ಟಿಕೊಳ್ಳುವುದರಲ್ಲೂ ಎರಡು ಬಗೆ. ನಾಳದ ಗೋಡೆಯೊಳಗೆ ಕೊಬ್ಬು ವರ್ಷಗಟ್ಟಲೆ ಕೂಡುತ್ತಾ ದಾರಿ ಕಿರಿದಾಗುವುದು ಒಂದು. ಆಗ ಕೂತಾಗ ಏನೂ ಅನಿಸುವುದಿಲ್ಲ, ಏರು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. 1768ರಲ್ಲಿ ಲಂಡನ್ನಿನ ಹೆಬರ್ಡನ್ ಎಂಬ ವೈದ್ಯರು ಇದನ್ನೇ ವಿವರಿಸಿದ್ದರು. ನಮ್ಮಲ್ಲಿ ಚಿತ್ರದುರ್ಗದ ಕೋಟೆ ಹತ್ತುವಾಗ ‘ತಡಿ, ಸ್ವಲ್ಪ ನಿಂತು ಹೋಗೋಣ’ ಅಂತ ಎದೆ ಮೇಲೆ ಕೈ ಇಡುವವರನ್ನು ನೋಡಿ. ಎಲ್ಲರದೂ ಬರೀ ಸುಸ್ತಲ್ಲ. ಎರಡನೆಯದು, ಆ ಕೊಬ್ಬಿನ ಗಂಟು ಇದ್ದಕ್ಕಿದ್ದಂತೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚುವುದು. ಇದೇ ಹೃದಯಾಘಾತ. ಸಣ್ಣ ಗಂಟೂ ಒಡೆಯಬಹುದು. ‘ಮೊನ್ನೆ ತಾನೆ ಟೆಸ್ಟ್ ಮಾಡಿಸಿದ್ರು, ಎಲ್ಲಾ ನಾರ್ಮಲ್ ಇತ್ತು’ ಅನ್ನುವ ಮಾತಿಗೆ ಉತ್ತರ ಇಲ್ಲಿದೆ.

ಮುಚ್ಚಿದ ಅರ್ಧ ಗಂಟೆಯೊಳಗೇ ಮಾಂಸಖಂಡ ಸಾಯಲು ಶುರು. ಒಳಪದರದಿಂದ ಹೊರಕ್ಕೆ, ಗಂಟೆ ಗಂಟೆಗೂ ಹರಡುತ್ತದೆ. ಸತ್ತ ಜಾಗ ಮತ್ತೆ ಚಿಗುರುವುದಿಲ್ಲ, ಗಾಯದ ಕಲೆಯಾಗಿ ಉಳಿಯುತ್ತದೆ.

ಬದುಕಿರುವ ರೋಗಿಯಲ್ಲೇ ಇದನ್ನು ಗುರುತಿಸಬಹುದು ಎಂದು ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ ನೆದರ್ಲೆಂಡ್ಸ್‌ನ ಐಂಥೋವನ್ ಹೃದಯದ ಕರೆಂಟನ್ನು ಗೆರೆಯಾಗಿ ಬರೆಯುವ ಯಂತ್ರ ಮಾಡಿದ್ದರು. ಅದೇ ಇಸಿಜಿ. ರೋಗ ಹಿಡಿಯಲು ದಾರಿ ಸಿಕ್ಕಿತು, ಆದರೆ ಚಿಕಿತ್ಸೆ? ನೋವಿಗೆ ಮಾರ್ಫಿನ್, ಆಮೇಲೆ ವಾರಗಟ್ಟಲೆ ಹಾಸಿಗೆ. ಮಗ್ಗುಲು ಬದಲಿಸಲೂ ಬಿಡುತ್ತಿರಲಿಲ್ಲ. ಹೆಪ್ಪುಗಟ್ಟಿದ್ದರಿಂದ ಆಘಾತ ಆಯಿತೋ, ಆಘಾತ ಆದಮೇಲೆ ಹೆಪ್ಪುಗಟ್ಟಿತೋ ಅನ್ನುವ ಜಗಳವೇ ಬಹಳ ಕಾಲ ನಡೆಯಿತು. 1980ರಲ್ಲಿ ಅಮೆರಿಕದ ಡಿವುಡ್ ಮತ್ತು ಜೊತೆಯವರು ಆಘಾತವಾದ ಕೆಲವೇ ಗಂಟೆಯೊಳಗೆ ಆಂಜಿಯೋಗ್ರಾಂ, ಅಂದರೆ ಹೃದಯದ ನಾಳಗಳ ಎಕ್ಸ್‌ರೇ, ಮಾಡಿ ನೋಡಿದರು. ಹೆಚ್ಚಿನವರಲ್ಲಿ ನಾಳ ಪೂರ್ತಿ ಮುಚ್ಚಿತ್ತು, ಮುಚ್ಚಿದ್ದು ಹೆಪ್ಪು. ಹಾಗಾದರೆ ಹೆಪ್ಪು ಕರಗಿಸಿದರೆ ಆಯಿತಲ್ಲ! 1986ರಲ್ಲಿ ಇಟಲಿಯಲ್ಲಿ 11,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸ್ಟ್ರೆಪ್ಟೋಕೈನೇಸ್ ಇಂಜೆಕ್ಷನ್ ಜೀವ ಉಳಿಸುತ್ತದೆ ಎಂದು ಸಾಬೀತಾಯಿತು. ನೋವು ಶುರುವಾದ ಒಂದು ಗಂಟೆಯೊಳಗೆ ಪಡೆದವರಲ್ಲಿ ಸಾವು ಸುಮಾರು ಅರ್ಧಕ್ಕಿಳಿದಿತ್ತು. ಎರಡು ವರ್ಷಕ್ಕೆ, ಸಾದಾ ಆಸ್ಪಿರಿನ್ ಮಾತ್ರೆಯೂ ಸಾವನ್ನು ಕಾಲುಭಾಗದಷ್ಟು ತಗ್ಗಿಸುತ್ತದೆ ಎಂದು ಗೊತ್ತಾಯಿತು.

ಈ ನಡುವೆ ಇನ್ನೊಂದು ದಾರಿಯೂ ತೆರೆದಿತ್ತು. 1929ರಲ್ಲಿ ಜರ್ಮನಿಯ ಫೋರ್ಸ್‌ಮನ್ ಎಂಬ ಯುವ ಡಾಕ್ಟರ್ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ಸಣ್ಣ ಟ್ಯೂಬ್ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಕೊಂಡೇ ಹೋಗಿ ಚಿತ್ರ ತೆಗೆಸಿಕೊಂಡರು. ಆ ಧೈರ್ಯದಿಂದ ಬೆಳೆದದ್ದೇ ಆಂಜಿಯೋಗ್ರಾಂ. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್‌ಸಿಗ್ ಟ್ಯೂಬಿನ ತುದಿಯಲ್ಲಿ ಪುಟ್ಟ ಬಲೂನ್ ಕಟ್ಟಿ ಕಿರಿದಾದ ನಾಳವನ್ನು ಅಗಲ ಮಾಡಿದರು. ಇದೇ ಆಂಜಿಯೋಪ್ಲಾಸ್ಟಿ. 1986ರಿಂದ ನಾಳದೊಳಗೇ ಲೋಹದ ಜಾಲರಿಯನ್ನು ಬಿಟ್ಟುಬರುವುದು ಶುರುವಾಯಿತು. ಅದೇ ಸ್ಟೆಂಟ್.

1979ರಲ್ಲಿ ದಾವಣಗೆರೆಯ ನಮ್ಮ ದೊಡ್ಡಪ್ಪನ ಪಾಲಿಗೆ ಇದ್ಯಾವುದೂ ಇರಲಿಲ್ಲ. ಡಾಕ್ಟರರ ತಪ್ಪಲ್ಲ. ಅವರು ಮಲಗಿಸಿದರು, ನೋವು ಕಡಿಮೆ ಮಾಡಿದರು, ಕಾದರು. ದೊಡ್ಡಪ್ಪ ಬದುಕಿದರು. ಆದರೆ ಎಡಗಡೆಯ ಆ ದಪ್ಪ ಗೋಡೆಯ ಒಂದು ಭಾಗ ಸತ್ತಿತ್ತು.

ಆಮೇಲಿನ ಆರು ವರ್ಷ ನಾವು ಕಂಡದ್ದು ಹೃದಯ ವೈಫಲ್ಯ. ಹೆಸರು ಕೇಳಿದರೆ ಹೃದಯ ನಿಂತೇಹೋಯಿತೇನೋ ಅನಿಸುತ್ತದೆ. ಹಾಗಲ್ಲ, ಪಂಪು ಸೋತಿರುತ್ತದೆ. ಮುಂದಕ್ಕೆ ತಳ್ಳಲಾಗದ್ದು ಹಿಂದೆ ನಿಲ್ಲುತ್ತದೆ. ಶ್ವಾಸಕೋಶದಲ್ಲಿ ನಿಂತರೆ ಮಲಗಿದಾಗ ಉಸಿರು ಕಟ್ಟುತ್ತದೆ. ದೊಡ್ಡಪ್ಪ ಮೂರು ದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಕಾಲಿನಲ್ಲಿ ನಿಂತರೆ ಬಾವು. ದೊಡ್ಡಮ್ಮ ದಿನಾ ಬೆಳಿಗ್ಗೆ ಅವರ ಮೊಣಕಾಲ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡುತ್ತಿದ್ದರು. ಗುಳಿ ಬೀಳುತ್ತಿತ್ತು. ಗುಳಿ ಆಳವಾಗಿದ್ದರೆ ಆವತ್ತು ಉಪ್ಪಿನಕಾಯಿ ಭರಣಿ ಅಟ್ಟಕ್ಕೆ, ಮೈಯ ನೀರು ಇಳಿಸುವ ಮಾತ್ರೆ ತಪ್ಪದೆ ಬಾಯಿಗೆ. ಓದು ಬರಹ ಬಾರದ ದೊಡ್ಡಮ್ಮ ಮಾಡುತ್ತಿದ್ದದ್ದು ಡಾಕ್ಟರರು ಮಾಡುವ ಪರೀಕ್ಷೆಯನ್ನೇ.

ಆಗಿನ ವಾರ್ಡುಗಳಲ್ಲಿ ಇನ್ನೊಂದು ಬಗೆಯ ರೋಗಿಗಳೂ ಇರುತ್ತಿದ್ದರು, ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳು. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಕೀಲುನೋವಿನ ಜ್ವರ, ಹತ್ತಾರು ವರ್ಷದ ಮೇಲೆ ಕವಾಟ ಕಿರಿದಾಗಿ ಬಸುರಿಯಾದಾಗ ಉಸಿರು ಹತ್ತದ ಸ್ಥಿತಿ. ಇದು ಇಕ್ಕಟ್ಟಿನ ಮನೆ, ಬಡತನದ ಕಾಯಿಲೆ. ಮೂರು-ನಾಲ್ಕು ವಾರಕ್ಕೊಂದು ಪೆನ್ಸಿಲಿನ್ ಸೂಜಿ ವರ್ಷಗಟ್ಟಲೆ ತಪ್ಪದೆ ಹಾಕಿಸಿದರೆ ಕವಾಟ ಮತ್ತೆ ಕೆಡದಂತೆ ತಡೆಯಬಹುದು. ಈ ಕಾಯಿಲೆ ಕಡಿಮೆಯಾಗಿದೆ, ಹೋಗಿಲ್ಲ.

‘ಅಟ್ಯಾಕ್’ ಮತ್ತು ‘ಅರೆಸ್ಟ್’ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಅಟ್ಯಾಕಿನಲ್ಲಿ ಕಾಲುವೆ ಕಟ್ಟುತ್ತದೆ, ಮನುಷ್ಯ ಮಾತಾಡುತ್ತಿರುತ್ತಾನೆ. ಅರೆಸ್ಟಿನಲ್ಲಿ ಕರೆಂಟ್ ಕೆಟ್ಟು ಹೃದಯ ಬಡಿಯದೆ ಸುಮ್ನೆ ಅದುರುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ. ಹಿಂದೆ ‘ಎದೆ ಒಡ್ಕೊಂಡು ಸತ್ತ’ ಅನ್ನುತ್ತಿದ್ದರಲ್ಲ, ಹೆಚ್ಚಾಗಿ ಅದು ಇದೇ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು, ಅದಕ್ಕೇ ಎದೆನೋವಿನವರನ್ನು ಒಂಟಿಯಾಗಿ ಬಿಡಬಾರದು. ಕುಸಿದವರ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. 1960ರಿಂದ ಜಗತ್ತಿಗೆ ಗೊತ್ತಿರುವ ಈ ಸಿಪಿಆರ್ ನಮ್ಮ ಶಾಲೆಗಳಲ್ಲಿ ಯಾಕೆ ಕಡ್ಡಾಯ ಪಾಠವಾಗಿಲ್ಲ ಅನ್ನುವುದು ನನ್ನ ದೊಡ್ಡ ಸಂಕಟ.

ಯಾರಿಗೆ ಬರುತ್ತದೆ ಅನ್ನುವ ಲೆಕ್ಕ 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಲ್ಲಿ ಶುರುವಾಯಿತು. ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ನೋಡಿದಾಗ ಬಿಪಿ, ಕೊಲೆಸ್ಟರಾಲ್, ಸಿಗರೇಟು ಸಿಕ್ಕಿಬಿದ್ದವು. 2004ರಲ್ಲಿ 52 ದೇಶಗಳ ಅಧ್ಯಯನವೊಂದು ಅದಕ್ಕೆ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಎಲ್ಲ ಸೇರಿಸಿ, ಹತ್ತರಲ್ಲಿ ಒಂಬತ್ತು ಪಾಲು ಆಘಾತಗಳ ಹಿಂದೆ ಇಂಥ ಒಂಬತ್ತೇ ಕಾರಣ ಎಂದಿತು. ನಮ್ಮ ಭಾಗದ ಜನರಿಗೆ ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ ಅಂತಲೂ ಕಂಡುಬಂತು. ಇಲ್ಲಿ ಎಲ್ಲರೂ ಬೆಣ್ಣೆ ದೋಸೆಯನ್ನು ಬೈಯುತ್ತಾರೆ. ಅಪರೂಪಕ್ಕೊಂದು ದೋಸೆಗಿಂತ ದಿನಕ್ಕೊಂದು ಕಟ್ಟು ಬೀಡಿ, ಕೆನ್ನೆಯಲ್ಲಿಟ್ಟ ಗುಟ್ಕಾ, ನಿಲ್ಲಿಸಿಬಿಟ್ಟ ಬಿಪಿ ಮಾತ್ರೆ ನನಗೆ ಜಾಸ್ತಿ ಭಯ ಹುಟ್ಟಿಸುತ್ತವೆ.

ಇನ್ನು ಗ್ಯಾಸಿನ ವಿಷಯ. ಜನ ಸುಮ್ಮನೆ ಮೋಸ ಹೋಗುವುದಿಲ್ಲ. ಹೃದಯದ ತಳ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಮಾಂಸದ ಪರದೆ) ಮೇಲೆ ಕೂತಿದೆ, ವಪೆಯ ಕೆಳಗೇ ಹೊಟ್ಟೆ. ಎರಡರ ನೋವೂ ಮಿದುಳಿಗೆ ಹೋಗುವ ದಾರಿಗಳು ಬೆನ್ನುಹುರಿಯಲ್ಲಿ ಒಂದಕ್ಕೊಂದು ಹತ್ತಿರ. ಅದಕ್ಕೇ ಹೃದಯದ ನೋವು ಎಡಗೈಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಬರುತ್ತದೆ. ತೇಗು ಬಂದು ಹಗುರ ಅನಿಸಿದರೂ ಅದು ಹೃದಯದ್ದಲ್ಲ ಎಂದು ಹೇಳಲಾಗದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ವಾಂತಿ, ಸುಸ್ತು, ಏದುಸಿರು ಇರಬಹುದು. ಮನೆಯಲ್ಲಿ ಕೂತು ಇದನ್ನು ಬಿಡಿಸಲು ಯಾರಿಂದಲೂ ಆಗದು, ಡಾಕ್ಟರಿಂದಲೂ ಆಗದು. ಇಸಿಜಿ ಬೇಕು. ಒಮ್ಮೊಮ್ಮೆ ಎರಡು ಮೂರು ಸಲ ತೆಗೆಯಬೇಕು, ರಕ್ತ ಪರೀಕ್ಷೆಯೂ ಬೇಕು.

ಆ ಇಸಿಜಿ ಈಗ ದೂರ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮುಂದೆ ಸರ್ಕಾರ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಿಗದ ಕಡೆ ಈ ಸೂಜಿಯೇ ಆಸರೆ. ನೋವು ಶುರುವಾದ 12 ಗಂಟೆಯವರೆಗೆ ಕೊಡಬಹುದು, ಆದರೆ ಅದರ ಬಲವೆಲ್ಲ ಮೊದಲ ಎರಡು ಮೂರು ಗಂಟೆಯಲ್ಲಿ. 2008ರಿಂದ 108 ಆಂಬುಲೆನ್ಸ್ ಇದೆ. ದಾವಣಗೆರೆಯಲ್ಲೇ ಆಂಜಿಯೋಪ್ಲಾಸ್ಟಿ ಆಗುತ್ತದೆ, 260 ಕಿಲೋಮೀಟರ್ ದೂರದ ಬೆಂಗಳೂರಿಗೇ ಓಡಬೇಕಿಲ್ಲ.

ಹೋದ ವರ್ಷ ದೊಡ್ಡಪ್ಪನ ಮಗ, ನಮ್ಮಣ್ಣ, ಎಪಿಎಂಸಿಯಿಂದ ಮಧ್ಯಾಹ್ನ ಮನೆಗೆ ಬಂದವನು ಅದೇ ಕಟ್ಟೆ ಮೇಲೆ ಕೂತ. ಎದೆ ಉಜ್ಜಿಕೊಂಡ. ಪಕ್ಕದವರು ಸೋಡಾ ತರಲು ಹುಡುಗನನ್ನು ಕಳಿಸುತ್ತಿದ್ದರು. ಎಂಬತ್ತು ದಾಟಿದ ದೊಡ್ಡಮ್ಮ ಒಳಗಿಂದಲೇ ಕೂಗಿದರು: ‘ಸೋಡಾ ಬ್ಯಾಡ. ಗಾಡಿ ತಗೀರಿ.’ ನಲವತ್ತು ನಿಮಿಷದಲ್ಲಿ ಇಸಿಜಿ ಆಯಿತು. ಸಂಜೆಯೊಳಗೆ ಸ್ಟೆಂಟ್ ಹಾಕಿದ್ದರು.

ಈಗಲೂ ದೊಡ್ಡಮ್ಮ ಬೆಳಿಗ್ಗೆ ಎದ್ದು ಮಗನ ಕಾಲು ಹಿಡಿದು ಎಲುಬಿನ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಅಣ್ಣ ಪೇಪರ್ ಓದುತ್ತಾ ಕಾಲು ಚಾಚಿಕೊಂಡಿರುತ್ತಾನೆ. ಬೆರಳು ತೆಗೆದು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡುತ್ತಾರೆ. ಗುಳಿ ಬಿದ್ದಿರುವುದಿಲ್ಲ.