ನಾಲ್ಕು ಚಕ್ರಕ್ಕೂ ಪವರ್ ಇದ್ದೂ ಗಾಡಿ ಕೆಸರಲ್ಲಿ ಸಿಕ್ಕಿಕೊಳ್ಳೋದು ಯಾಕೆ?

ಪ್ರಶ್ನೆ: ವಾಸ್ಕೊದಲ್ಲಿದ್ದೇನೆ, ಹಳೆಯ ಫೋರ್ ಬೈ ಫೋರ್ ಪಿಕಪ್ ಇದೆ. ಮೊನ್ನೆ ಮಳೆಯಲ್ಲಿ ಸಾಂಗೇ ಕಡೆಯ ತೋಟದ ದಾರಿಯಲ್ಲಿ ಹೂತುಹೋಯಿತು. ಲಿವರ್ ಫೋರ್ ಹೈನಲ್ಲೇ, ಅಂದರೆ ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಸ್ಥಾನದಲ್ಲೇ ಇತ್ತು. ಆದರೂ ಮುಂದೆ ಎಡಗಡೆಯದು, ಹಿಂದೆ ಬಲಗಡೆಯದು, ಎರಡೇ ಚಕ್ರ ಗಿರಗಿರ ತಿರುಗಿದವು. ಉಳಿದೆರಡು ಅಲ್ಲಾಡಲಿಲ್ಲ. ನಾಲ್ಕಕ್ಕೂ ಪವರ್ ಹೋಗುತ್ತದೆ ಅನ್ನೋದು ಸುಳ್ಳೇ?

ಉತ್ತರ: ಸುಳ್ಳಲ್ಲ, ಅರ್ಧ ನಿಜ. ನಿಮ್ಮ ಗಾಡಿ ಕೆಟ್ಟಿಲ್ಲ, ಗ್ಯಾರೇಜಿಗೆ ದುಡ್ಡು ಸುರಿಯಬೇಡಿ.

ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಪೆಟ್ಟಿಗೆ ಇದೆ. ಲಿವರ್ ಟೂ ಹೈನಲ್ಲಿದ್ದರೆ, ಅಂದರೆ ಎರಡು ಚಕ್ರದ ಓಟದಲ್ಲಿ, ಅದು ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಮಾತ್ರ ತಿರುಗಿಸುತ್ತದೆ. ಫೋರ್ ಹೈಗೆ ಹಾಕಿದಾಗ ಮುಂದಿನ ಶಾಫ್ಟೂ ಅದಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದಾಚೆ ಎರಡೂ ಶಾಫ್ಟ್ ಒಂದೇ ವೇಗ. ಲಿವರ್ ಮಾಡುವುದು ಇಷ್ಟೇ: ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಗಂಟು. ಒಂದೇ ಆಕ್ಸಲ್ಲಿನ ಎಡ ಬಲಕ್ಕೆ ಗಂಟು ಬೀಳುವುದಿಲ್ಲ. ಅಲ್ಲಿ ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಪು, ಡಿಫರೆನ್ಷಿಯಲ್, ಕೂತಿದೆ.

ಡಿಫರೆನ್ಷಿಯಲ್ಲನ್ನು ನೊಗ ಅಂದುಕೊಳ್ಳಿ. ಮೂಕಿಗೆ ನಡುವೆ ಒಂದೇ ಕಡೆ ಕಟ್ಟಿದ ನೊಗ, ಎರಡು ಎತ್ತು. ಒಂದು ಎತ್ತು ಸಡಿಲ ಬಿಟ್ಟರೆ ನೊಗ ಓರೆಯಾಗುತ್ತದೆ. ಇನ್ನೊಂದು ಎಷ್ಟೇ ಗಟ್ಟಿಯಿದ್ದರೂ ಅದರ ಬಲ ಬಂಡಿಗೆ ಮುಟ್ಟುವುದಿಲ್ಲ. ಚಕ್ರಕ್ಕೂ ಅದೇ ಲೆಕ್ಕ. ಕೆಸರಲ್ಲಿ ಜಾರುವ ಚಕ್ರವನ್ನು ತಿರುಗಿಸಲು ಎಷ್ಟು ಕಡಿಮೆ ಬಲ ಸಾಕೋ, ಗಟ್ಟಿ ನೆಲದ ಮೇಲಿರುವ ಅದರ ಜೋಡಿಗೂ ಅಷ್ಟೇ ಸಿಗುತ್ತದೆ. ಎಳೆತ ಸಮ, ವೇಗ ಮಾತ್ರ ಬೇರೆ. ಮುಂದಿನ ಆಕ್ಸಲ್ಲಿನಲ್ಲಿ ಒಂದು, ಹಿಂದಿನದರಲ್ಲಿ ಒಂದು ಹಿಡಿತ ಕಳೆದುಕೊಂಡರೆ ಮುಗಿಯಿತು. ನಿಮಗಾದದ್ದು ಅದೇ.

ಹಾಗಾದರೆ ಈ ನೊಗವೇ ಬೇಡ ಅನ್ನುವಂತಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಮುಂದಿನ ಆಕ್ಸಲ್ ಕೂಡ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ. ಮೂರು ಬಾಗಿಲಿನ ಮಹೀಂದ್ರಾ ಥಾರ್‌ನಲ್ಲಿ ಎರಡು ಆಕ್ಸಲ್‌ಗಳ ಅಂತರ 2.45 ಮೀಟರ್. ಹಿಂದಿನ ಆಕ್ಸಲ್ಲಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ ಮುಂದಿನದು ಸುಮಾರು 90 ಸೆಂಟಿಮೀಟರ್ ಹೆಚ್ಚು ಸಾಗುತ್ತದೆ. ಫೋರ್ ಹೈನಲ್ಲಿ ಈ ವ್ಯತ್ಯಾಸ ಎಲ್ಲೋ ಜಾರಿ ತೀರಬೇಕು. ಕೆಸರಲ್ಲಾದರೆ ಟಯರ್ ಜಾರುತ್ತದೆ, ಒಣ ಟಾರಿನಲ್ಲಿ ಜಾರದೆ ಶಾಫ್ಟು ಗೇರುಗಳೇ ಮುರಿಗೆ ತಿಂದ ಹಗ್ಗದ ಹಾಗೆ ಬಿಗಿಯುತ್ತವೆ.

ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳೆದರೆ ಎದ್ದು ಬರುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಅದು ಹಿಂದಿನ ಎರಡೂ ಚಕ್ರವನ್ನು ಸಮನಾಗಿ ಹಿಡಿಯುತ್ತದೆ. ಜಾರುವ ಕಡೆ ಗಳಿಸಿದ್ದನ್ನು ಹಿಡಿತದ ಕಡೆ ಕಳೆದುಕೊಂಡಂತೆ. ಊರಲ್ಲಿ ಟ್ರ್ಯಾಕ್ಟರ್ ಓಡಿಸಿದ್ದರೆ ನೆನಪಿರಬಹುದು, ಅದಕ್ಕೆ ಎಡ ಬಲ ಬೇರೆ ಬೇರೆ ಬ್ರೇಕ್ ಪೆಡಲ್. ಜಾರುವ ಚಕ್ರವೊಂದನ್ನೇ ಹಿಡಿದರೆ ಇನ್ನೊಂದಕ್ಕೆ ಬಲ ಬರುತ್ತದೆ. ಹೊಸ ಗಾಡಿಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ, ಮಾರುತಿ ಜಿಮ್ನಿಯೂ ಹೀಗೇ ನಡೆಯುವುದು. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಡಿಫ್ ಲಾಕ್ ಇದೆ, ಅಂದರೆ ನೊಗ ಓರೆಯಾಗದಂತೆ ಮೂಕಿಗೇ ಬಿಗಿದು ಕಟ್ಟಿದ ಹಾಗೆ.

ನಿಮ್ಮ ಪಿಕಪ್‌ಗೆ ಅವೆರಡೂ ಇಲ್ಲದಿದ್ದರೆ ತೆಂಗಿನ ಗರಿ, ಕಲ್ಲು, ಹಲಗೆ ಸಿಕ್ಕಿದ್ದನ್ನು ಗಾಡಿ ನಿಲ್ಲಿಸಿ, ಗಿರಗಿರ ತಿರುಗುತ್ತಿದ್ದ ಚಕ್ರಗಳ ಕೆಳಗೇ ತುರುಕಿ. ನಿಂತಿರುವುದರ ಕೆಳಗೆ ಹಾಕಿ ಪ್ರಯೋಜನವಿಲ್ಲ. ಜಾರುವ ಚಕ್ರಕ್ಕೆ ಸಿಕ್ಕ ಒಂದಿಷ್ಟು ಹಿಡಿತ ಜೋಡಿ ಚಕ್ರಕ್ಕೂ ಅಷ್ಟೇ ಬಲ ತರುತ್ತದೆ. ಆಮೇಲೆ ಫೋರ್ ಲೋ ಹಾಕಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇರಲಿ. ಲೋ ಗೇರಿನಿಂದ ಹಿಡಿತವೇನೂ ಹೆಚ್ಚದು, ಚಕ್ರ ನಿಧಾನ ತಿರುಗಿ ಕೆಸರು ತೋಡುವುದು ನಿಲ್ಲುತ್ತದೆ. ಥಾರ್‌ನಲ್ಲಿ ವೇಗದ ಈ ಇಳಿಕೆ ಸುಮಾರು ಎರಡೂವರೆ ಪಟ್ಟು.

ಟಾರು ರಸ್ತೆಗೆ ಬಂದ ಮೇಲೆ ಲಿವರ್ ಟೂ ಹೈಗೆ ಬರದೆ ಹಠ ಹಿಡಿದರೆ ಗುದ್ದಬೇಡಿ. ಸ್ಟೀರಿಂಗ್ ನೇರ ಮಾಡಿ, ನಾಲ್ಕು ಮಾರು ರಿವರ್ಸ್ ಹೋಗಿ, ಮತ್ತೆ ಎಳೆಯಿರಿ.